ಅತ್ತೆ ಮಲಗಿದ್ದಾರೆ

ಅತ್ತೆ, ನಿಮ್ಮ ಅಕ್ಕ ಕೊನೆಯ ಸಲ ನಿಮ್ಮನ್ನು ಕರೆದಾಗ ನೀವು ನಿದ್ದೆ ಮಾಡುತ್ತಿರಲಿಲ್ಲ. ನೀವು ಮಲಗಿದ್ದೀರಿ ಎಂದು ಸುಳ್ಳು ಬರೆದು ಕಳಿಸಿದವಳು ನಾನು. ಇದನ್ನು ಹೇಗೆ ಶುರು ಮಾಡಲಿ ಎಂದು ಮೂರು ವರ್ಷ ಯೋಚಿಸಿದೆ — ಬೇರೆ ದಾರಿ ಸಿಗಲಿಲ್ಲ.

ಆ ಡಿಸೆಂಬರಿನ ಶನಿವಾರ ಮಧ್ಯಾಹ್ನ ನಿಮಗೆ ಚೆನ್ನಾಗಿ ನೆನಪಿದೆ. ಕ್ರಿಸ್‌ಮಸ್ ಬಂತೆಂದರೆ ಇಲ್ಲಿ ಎಲ್ಲರೂ ಮಕ್ಕಳನ್ನು ಕರೆದುಕೊಂಡು ಹೋಗುವ ಆ ಬ್ಯಾಲೆ ನೋಡಲು ನಾವು ನಾಲ್ವರೂ ಕ್ಯಾಲಿಫೋರ್ನಿಯಾದ ನಮ್ಮ ಡಬ್ಲಿನ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟೆವು. ನೀವು ರೇಷ್ಮೆ ಸೀರೆಯ ಮೇಲೆ ನಿಮ್ಮ ಮಗ ರವಿಯ ಹಳೆಯ ಜಾಕೆಟ್ಟು ಹಾಕಿ, ಕಾಲಿಗೆ ವಾಕಿಂಗ್ ಶೂ ಏರಿಸಿದ್ದಿರಿ. 'ಮೇಲಿಂದ ಮದುವೆಗೆ ಹೊರಟಿದೀನಿ, ಕೆಳಗಿಂದ ವಾಕಿಂಗಿಗೆ' ಎಂದು ನೀವೇ ನಕ್ಕಿರಿ.

ಈ ಬ್ಯಾಲೆಗೆ ನಾವು ಟಿಕೆಟ್ ತೆಗೆದದ್ದು ಅದು ಮೂರನೆಯ ಸಲ. ಹಿಂದಿನ ಎರಡು ವರ್ಷವೂ ಸರಿಯಾಗಿ ಅದೇ ದಿನ ಮೈಸೂರಿನಿಂದ ಫೋನು — ನಿಮ್ಮ ಅಕ್ಕ, ನಮ್ಮ ದೊಡ್ಡಮ್ಮ, ಇವತ್ತೋ ನಾಳೆಯೋ ಎಂದು. ಎರಡು ಸಲವೂ ನಾವು ಹೋಗಲಿಲ್ಲ. ಎರಡು ಸಲವೂ ದೊಡ್ಡಮ್ಮ ಮರುದಿನ ಎದ್ದು ಕೂತು ಉಪ್ಪಿಟ್ಟು ಕೇಳಿದರು. ನಮ್ಮ ಇಂಚರಾ ಆರು ವರ್ಷದವಳು ಎಂಟಾದಳು. ತೋಳ ಬಂತು ತೋಳ ಎಂದು ನಾನು ಅಡುಗೆಮನೆಯಲ್ಲಿ ಗೊಣಗಿದ್ದೆ. ಅದನ್ನೂ ಹೇಳಿಬಿಡುತ್ತೇನೆ.

ನಿಮ್ಮ ಫೋನು ಮನೆಯ ವೈಫೈ ಇದ್ದರೆ ಮಾತ್ರ ಜೀವ ಹಿಡಿಯುತ್ತಿತ್ತು. ಹೊಸಿಲು ದಾಟಿದರೆ ಸತ್ತ ಹಾಗೆ. ಹಾಗಾಗಿ ಹೊರಗೆ ಹೋದಾಗ ನಿಮಗೆ ಬರಬೇಕಾದದ್ದೆಲ್ಲ ನನ್ನ ಫೋನಿಗೆ ಬರುತ್ತಿತ್ತು. ಊರಿನವರಿಗೂ ಅದು ಅಭ್ಯಾಸವಾಗಿತ್ತು. ನಿಮ್ಮ ಕಿವಿ ನನ್ನ ಕೈಯಲ್ಲಿತ್ತು, ಅತ್ತೆ.

ಮೊದಲರ್ಧ ಮುಗಿಯಿತು. ವೇದಿಕೆಯ ಮೇಲೆ ಹಿಮ ಸುರಿಯುವಾಗ ನೀವು ಕೈಮುಗಿದದ್ದು, ಇಂಚರಾ 'ಅಜ್ಜಿ, ಇಟ್ಸ್ ಜಸ್ಟ್ ಪೇಪರ್' ಎಂದು ನಿಮ್ಮ ತೋಳಿಗೆ ಒರಗಿದ್ದು — ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿದೆ. ಇಂಟರ್ವಲ್‌ನಲ್ಲಿ ರವಿ ಅವಳಿಗೆ ಕುಕ್ಕಿ ಕೊಡಿಸಲು ಹೋದರು. ನೀವು ಬೆಂಚಿನ ಮೇಲೆ ಕೂತು, 'ಅಷ್ಟು ಹೊತ್ತು ಕಾಲ್ಬೆರಳ ಮೇಲೆ ನಿಂತ್ರೆ ಆ ಹುಡುಗೀರಿಗೆ ನೋಯಲ್ವೇನೇ?' ಎಂದಿರಿ. ನಾನು ಫೋನು ತೆಗೆದೆ. ನಿಮ್ಮ ಅಕ್ಕನ ಮಗ ಶ್ರೀನಾಥ ಭಾವನ ಎರಡು ಮಿಸ್ಡ್ ಕಾಲು, ಒಂದು ಸಂದೇಶ: 'ಅಮ್ಮನಿಗೆ ರಾತ್ರಿ ಎಚ್ಚರ ತಪ್ಪಿತ್ತು, ಈಗ ಬಂದಿದೆ. ಚಿಕ್ಕಮ್ಮನ್ನ ಕೇಳ್ತಿದಾರೆ. ಒಂದೇ ನಿಮಿಷ ವಿಡಿಯೋ ಕಾಲ್ ಮಾಡಿಸು.'

ನೀವು ನನ್ನಿಂದ ಎರಡು ಮಾರು ದೂರದಲ್ಲಿದ್ದಿರಿ. ಫೋನನ್ನು ನಿಮ್ಮ ಕೈಗೆ ಕೊಟ್ಟಿದ್ದರೆ ಸಾಕಿತ್ತು.

'ಅತ್ತೆ ಮಲಗಿದ್ದಾರೆ. ಎದ್ದ ಮೇಲೆ ಮಾಡಿಸುತ್ತೇನೆ.' ಅಷ್ಟು ಟೈಪ್ ಮಾಡಿ ಫೋನನ್ನು ಆರಿಸಿ ಬ್ಯಾಗಿಗೆ ಹಾಕಿದೆ.

ಯಾಕೆ ಎಂದು ನೀವು ಕೇಳುತ್ತೀರಿ. ಇಂಚರಾಳಿಗೋಸ್ಕರ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ನನಗೆ ಆ ಕತ್ತಲಿಗೆ ವಾಪಸ್ಸು ಹೋಗಿ ಕೂರಬೇಕಿತ್ತು. ಯಾರೂ ನನ್ನನ್ನು ಏನೂ ಕೇಳದ ಒಂದು ಗಂಟೆ ಬೇಕಿತ್ತು. ಕರೆ ಮಾಡಿಸಿದರೆ ನೀವು ಅಳುತ್ತೀರಿ, ಮನೆಗೆ ಹೋಗೋಣ ಎನ್ನುತ್ತೀರಿ — ಅಷ್ಟೇ ನನ್ನ ಲೆಕ್ಕಾಚಾರ. ಪಶ್ಚಾತ್ತಾಪವಾಯಿತೇ ಎಂದರೆ, ಆಗ ಏನೂ ಆಗಲಿಲ್ಲ. ದ್ವಿತೀಯಾರ್ಧದಲ್ಲಿ ಯಾರೋ ಕುಣಿದರು, ಜನ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ನಡುವೆ ನೀವು ಹತ್ತು ನಿಮಿಷ ತೂಕಡಿಸಿದಿರಿ. ನೋಡಿ ನನಗೆ ಸಮಾಧಾನವಾಯಿತು — ಬರೆದದ್ದು ನಿಜವಾಯಿತಲ್ಲ ಎಂದು! ಇಂಥ ನೀಚ ಸಮಾಧಾನವನ್ನು ನಾನು ಬೇರೆಂದೂ ಪಟ್ಟಿಲ್ಲ.

ಪಾರ್ಕಿಂಗಿನಲ್ಲಿ ಫೋನನ್ನು ಮತ್ತೆ ಆನ್ ಮಾಡಿದಾಗ ಒಂದೇ ಸಾಲು ಇತ್ತು. 'ಅಮ್ಮ ಹೋದರು.' ರವಿಗೆ ತೋರಿಸಿದೆ. ರವಿ ನಿಮಗೆ ಹೇಳಿದರು. ನೀವು ಕಾರಿನಲ್ಲೇ ನನ್ನ ಫೋನಿನಿಂದ ಭಾವನಿಗೆ ಮಾಡಿದಿರಿ. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು: 'ನೀವು ಮಲಗಿದ್ರಂತಲ್ಲ ಚಿಕ್ಕಮ್ಮ. ಅಮ್ಮ ಎರಡು ಸಲ ಕೇಳಿ ಸುಮ್ಮನಾದ್ರು.'

ನೀವು ನನ್ನ ಕಡೆ ತಿರುಗಿದಿರಿ. 'ನಾನು ಅಲ್ಲಿ ತೂಕಡಿಸ್ದಾಗ ಬಂದಿತ್ತೇನೇ ಫೋನು?'

'ಹೌದು ಅತ್ತೆ. ಎಬ್ಬಿಸೋಕೆ ಮನಸ್ಸಾಗ್ಲಿಲ್ಲ' ಎಂದೆ. ಎರಡನೆಯ ಸುಳ್ಳು ಮೊದಲನೆಯದಕ್ಕಿಂತ ಸುಲಭವಾಗಿ ಬಂತು. ನೀವು ನನ್ನ ಕೈ ಹಿಡಿದು, 'ನಿನ್ನದೇನೂ ತಪ್ಪಿಲ್ಲ ಬಿಡು' ಎಂದಿರಿ. ಸೇತುವೆ ದಾಟುವ ತನಕ ಕೈ ಬಿಡಲಿಲ್ಲ.

ತಾಯಿ ಇಲ್ಲದ ನಿಮ್ಮನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಅವರು. ಅವರು ಕರೆದಾಗ ಗೊರಕೆ ಹೊಡೆಯುತ್ತಿದ್ದೆ ಎಂದು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತೀರಿ. ಊರಿಗೆ ವಾಪಸ್ಸಾದ ಮೇಲೆ ಹಗಲು ಮಲಗುವುದನ್ನೇ ಬಿಟ್ಟಿರಂತೆ. ಊಟವಾದ ಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತೀರಿ, ಕಣ್ಣೆಳೆದರೆ ಎದ್ದು ಹೋಗಿ ಮುಖ ತೊಳೆದು ಬರುತ್ತೀರಿ. ಬಿ.ಪಿ. ಏರಿದೆ, ಮಧ್ಯಾಹ್ನ ವಿಶ್ರಾಂತಿ ಬೇಕೇ ಬೇಕು ಎಂದು ಡಾಕ್ಟರು ಹೇಳಿದರೂ ಕೇಳುತ್ತಿಲ್ಲ ಎಂದು ನಿಮ್ಮ ಮಗಳು ಹೋದ ವಾರ ಫೋನಿನಲ್ಲಿ ಅತ್ತಳು. 'ಹೇಳಿ ನೋಡು, ನಿನ್ನ ಮಾತಾದ್ರೂ ಕೇಳ್ತಾರೇನೋ' ಎಂದಳು.

ರವಿಗೆ ಇವತ್ತು ಬೆಳಗ್ಗೆ ಹೇಳಿದೆ. ಅವರು ಕಾರು ತೆಗೆದುಕೊಂಡು ಹೊರಟುಹೋದರು. ಭಾವನಿಗೂ ಬರೆದಿದ್ದೇನೆ. ನಿಮ್ಮ ಹತ್ತಿರ ಕ್ಷಮೆ ಕೇಳುವುದಿಲ್ಲ — ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ನನ್ನ ಜೊತೆ ಮಾತು ಬಿಡಿ, ಇಂಚರಾಳ ಹತ್ತಿರ ಮಾತ್ರ ಮಾತಾಡಿ, ನಾನು ಫೋನು ಅವಳ ಕೈಗೇ ಕೊಡುತ್ತೇನೆ. ಆದರೆ ಇವತ್ತು ಊಟವಾದ ಮೇಲೆ ಸ್ವಲ್ಪ ಹೊತ್ತು ಮಲಗಿ, ಅತ್ತೆ.