ಖಾದರ್ ಸಾಬರು ಕಟ್ಟಿದ ಇಂಜಿನ್ನು

ಖಾದರ್ ಸಾಬರು ದಿನವಿಡೀ ಬೈಯುತ್ತಿದ್ದರು. ನಟ್ಟು ತುಕ್ಕು ಹಿಡಿದರೆ ನಟ್ಟಿಗೆ, ಮಳೆ ಬಂದರೆ ಮಳೆಗೆ, ಮಂಡ್ಯದ ತಮ್ಮ ರಿಪೇರಿ ಶೆಡ್ಡಿಗೆ ಬಸ್ಸು ತಂದು ನಿಲ್ಲಿಸಿದ ನನ್ನಂಥ ಡ್ರೈವರಿಗಂತೂ ತಪ್ಪದೆ. ನಿಜವಾದ ಸಿಟ್ಟು ಬಂದಾಗ ಮಾತ್ರ ಬಾಯಿ ಮುಚ್ಚಿ, ಕೈಲಿದ್ದ ಸ್ಪ್ಯಾನರನ್ನು ಒರೆಸಿ ಪೆಟ್ಟಿಗೆಗೆ ಇಡುತ್ತಿದ್ದರು.

ಅದು ಯುದ್ಧದ ಕಾಲ. ಕಂಪೆನಿಯ ಹೊಸ ಸಾಮಾನು ಕಣ್ಣಿಗೂ ಬೀಳುತ್ತಿರಲಿಲ್ಲ. ನಮ್ಮ ಧಣಿ ಚೆನ್ನೇಗೌಡನ ಬಸ್ಸು ಮಳವಳ್ಳಿಯಿಂದ ಏದುಸಿರು ಬಿಡುತ್ತಾ ಮದ್ದೂರು ಮುಟ್ಟುವಷ್ಟರಲ್ಲಿ ಎದುರಾಳಿ ಬಸ್ಸು ರೈಲಿಳಿದವರನ್ನೆಲ್ಲ ತುಂಬಿಕೊಂಡು ಹೊರಟಿರುತ್ತಿತ್ತು. ಗೌಡನಿಗೆ ಜೋರಾದ ಇಂಜಿನ್ನು ಬೇಕಿತ್ತು, ಖರ್ಚು ಬೇಕಿರಲಿಲ್ಲ. ಸಾಬರು ಕಿರುಗಾವಲಿನ ಹತ್ತಿರ ಕೆಟ್ಟು ನಿಂತಿದ್ದ ಬಸ್ಸಿನದೇ ಕಂಪೆನಿಯ ಲಾರಿಗಳ ಇಂಜಿನ್ ಸಾಮಾನು ಬಿಚ್ಚಿ ತಂದರು.

"ಇವೆಲ್ಲ ಹಳೇವಲ್ವಾ ಸಾಬ್ರೇ?" ಅಂದೆ.

"ಲೇ ನಿಂಗಾ, ಕಂಪ್ನಿ ಮಾಡಿ ಕಳ್ಸಿರೋ ಸಾಮಾನು ಕಣ್ಲಾ. ಚೆನ್ನಾಗಿ ಪಳಗೈತೆ. ಬಜಾರಿನ ಮಿರಮಿರ ನಕಲಿ ಮಾಲು ಹಾಕ್ಕೊಂಡು ಓಗು, ಅರ್ಧ ದಾರೀಲಿ ಕುಂತ್ಕೊಂಡು ಅಳ್ತೀಯ."

ಸಿಲಿಂಡರುಗಳ ಮೇಲೆ ಕೂರುವ ಹೆಡ್ಡಿನ ಅಡಿಯನ್ನು ಒಂದಿಷ್ಟು ಸವೆಸಿ ಇಂಜಿನ್ನಿನ ಜೋರು ಹೆಚ್ಚಿಸಿದರು. ಪಿಸ್ಟನ್ನಿನ ರಾಡುಗಳನ್ನು ಗೌಡನ ಅಂಗಳದಲ್ಲೇ ಗೋಣಿಚೀಲದ ಮೇಲೆ ಹರಡಿ, ಪ್ರತಿಯೊಂದರ ಪಕ್ಕ ಬುಡಕ್ಕೆ ಬಿಗಿಸುವ ಅದರದೇ ಮುಚ್ಚಳ ಇಟ್ಟು, ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ರಾಡನ್ನೂ ಮುಚ್ಚಳವನ್ನೂ ಕಾರ್ಖಾನೆಯಲ್ಲಿ ಸೇರಿಸಿಯೇ ಕೊರೆದಿರುತ್ತಾರೆ. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. "ಯಾರೂ ಮುಟ್ಬ್ಯಾಡಿ" ಎಂದು ಗೌಡನಿಗೂ ಹೇಳಿ ಮನೆಗೆ ಹೋದರು.

ಮರುದಿನ ಆಯುಧಪೂಜೆ. ನೆಂಟರೆದುರು ಮೆರೆಯಬೇಕಿತ್ತಲ್ಲ, ಗೌಡ ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆಸಿದ. ಸುಣ್ಣದ ಗುರುತೆಲ್ಲ ಅಳಿಸಿಹೋಯಿತು. ರಾಡುಗಳನ್ನು ಒಂದು ಸಾಲು, ಮುಚ್ಚಳಗಳನ್ನು ಇನ್ನೊಂದು ಸಾಲು ಜೋಡಿಸಿ ಅರಿಶಿನ ಕುಂಕುಮ ಬಳಿಸಿದ. ಸಾಬರು ಬಂದು ನೋಡಿದರು. ಬೈಯಲಿಲ್ಲ. ಸ್ಪ್ಯಾನರು ಒರೆಸಿ ಪೆಟ್ಟಿಗೆಗೆ ಇಟ್ಟರು.

"ಒಂದ್ ವಾರ ಕೊಡಿ ಗೌಡ್ರೇ. ಅಳತೆ ಹಿಡ್ದು ಮತ್ತೆ ಜೊತೆ ಮಾಡ್ತೀನಿ."

"ಕಬ್ಬಿಣಕ್ಕೂ ಜಾತ್ಕ ನೋಡ್ಬೇಕೇನಯ್ಯಾ?" ಎಂದು ಗೌಡ ನಕ್ಕ. ನೆಂಟರೂ ನಕ್ಕರು.

ಬೇರೊಬ್ಬ ಫಿಟ್ಟರನ್ನು ಕರೆಸಿ ಕೈಗೆ ಸಿಕ್ಕಿದ ಮುಚ್ಚಳವನ್ನು ಕೈಗೆ ಸಿಕ್ಕಿದ ರಾಡಿಗೆ ಹಾಕಿಸಿದ. ನಾನು ಓಡಿಸಲಾರೆ ಎಂದೆ, ಬಸ್ಸನ್ನು ತನ್ನ ಬಾಮೈದನ ಕೈಗೆ ಕೊಟ್ಟ. ಮದ್ದೂರು ಇನ್ನೂ ದೂರವಿದ್ದಾಗಲೇ ಬೇರಿಂಗು ಸುಟ್ಟು, ರಾಡು ಮುರಿದು ಇಂಜಿನ್ನಿನ ಹೊಟ್ಟೆ ಸೀಳಿತು.

ಆ ಸಂಜೆಯಿಂದಲೇ ಗೌಡ ಸ್ಟ್ಯಾಂಡಿನಲ್ಲಿ ನಿಂತು, ಸಾಬಿ ಗುಜರಿ ತುಂಬಿ ನನ್ನ ಬಸ್ಸು ಕೊಂದ ಎಂದು ಸಾರತೊಡಗಿದ. ನಡೆದದ್ದನ್ನು ನಾನು ಎಲ್ಲರಿಗೂ ಹೇಳಿದೆ. ಬಸ್ಸಿನ ಧಣಿ ಒಂದು ಹೇಳಿದರೆ ಡ್ರೈವರನ ಮಾತು ಯಾರಿಗೆ ಬೇಕು? ಶೆಡ್ಡಿಗೆ ಬಸ್ಸು ಬರುವುದು ನಿಂತಿತು. ಸಾಬರು ಮಳವಳ್ಳಿಗೆ ಹೋಗಿ ಅಕ್ಕಿ ಗಿರಣಿಯೊಂದರಲ್ಲಿ ಬೆಲ್ಟಿಗೆ ಎಣ್ಣೆ ಬಿಡುವ ಕೆಲಸಕ್ಕೆ ಸೇರಿದರು. ಎಂಥ ಕೈ, ಎಂಥ ಕೆಲಸಕ್ಕೆ!

ಯುದ್ಧ ಮುಗಿದ ಮೇಲೆ ಅವರು ಅಲ್ಲಿಯೇ ತೀರಿಕೊಂಡರು. ಮಣ್ಣಿಗೆ ಹೋದಾಗ ಗೌಡನೂ ಬಂದಿದ್ದ. ಸಾಬರ ಮಗನ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ: "ನಿಮ್ಮಪ್ಪ ನನ್ ಬಸ್ಸು ಆಳು ಮಾಡ್ದ. ಓಗ್ಲಿ ಬುಡು, ನಾನು ಮನ್ಸಲ್ಲಿ ಇಟ್ಕೊಂಡಿಲ್ಲ."

ಹುಡುಗ ತಲೆ ತಗ್ಗಿಸಿ ಅವನಿಗೆ ಕೈ ಮುಗಿದ.