ಬೇವಿನ ಸಸಿಗೆ ಅಡ್ಡ ನಿಂತ ದಾದಾಪೀರ

1991ರಲ್ಲಿ ನಾನು ಆಗಿನ ಧಾರವಾಡ ಜಿಲ್ಲೆಯ ಬ್ಯಾಡಗಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕನಾಗಿದ್ದೆ. ಭೂಮಿ ಬಿಸಿಯಾಗುತ್ತಿರುವ ಸಂಗತಿ ನಮ್ಮ ಪಾಠದಲ್ಲಿ ಇರಲಿಲ್ಲ. ಪತ್ರಿಕೆಯಲ್ಲಿ ಓದಿದ್ದನ್ನು ಹತ್ತನೆಯ ತರಗತಿಗೆ ಹೇಳಿದೆ: ಕಲ್ಲಿದ್ದಲು, ಎಣ್ಣೆ ಉರಿಸಿದಾಗ ಹೊರಡುವ ಕಾರ್ಬನ್ ಡೈಆಕ್ಸೈಡ್ ಭೂಮಿಯ ಶಾಖವನ್ನು ಕಂಬಳಿಯಂತೆ ಹಿಡಿದಿಡುತ್ತದೆ, ಇದೇ ಗ್ರೀನ್‌ಹೌಸ್ ಎಫೆಕ್ಟ್, ಮರಗಳು ಆ ಅನಿಲವನ್ನು ಒಂದಿಷ್ಟು ಹೀರಿಕೊಳ್ಳುತ್ತವೆ. ಸೈಕಲ್ ರಿಪೇರಿ ಅಂಗಡಿಯವರ ಮಗ ದಾದಾಪೀರ ಎದ್ದು ನಿಂತ.

“ಬರೇ ಕೇಳ್ಕೊಂತ ಕುಂದ್ರೂದೇನ್ರಿ ಸರ? ನಾವೂ ಏನರ ಮಾಡೂಣಲ್ರಿ.”

ನಾನು ಉಬ್ಬಿಹೋದೆ. ಆ ಮಳೆಗಾಲದಲ್ಲಿ ಇಡೀ ತರಗತಿ ಶಾಲೆಯ ರಸ್ತೆಗುಂಟ ಬೇವಿನ ಸಸಿ ನೆಟ್ಟಿತು. ಆಡುಗಳು ತಿನ್ನದಂತೆ ಪ್ರತಿ ಸಸಿಗೂ ಸುತ್ತ ಗೂಟ ಹುಗಿದು ಮುಳ್ಳು ಕಟ್ಟಿದೆವು.

ಮಾರ್ಚ್‌ನಲ್ಲಿ ಹೋಳಿ ಬಂತು. ನಮ್ಮ ಕಡೆ ಕಾಮಣ್ಣನನ್ನು ಸುಡಲು ಹುಡುಗರು ಕಟ್ಟಿಗೆ, ಸಗಣಿಯ ಕುಳ್ಳು ಕದಿಯುತ್ತಾರೆ, ಕಳೆದುಕೊಂಡವರು ಸಿಟ್ಟಾಗುವಂತಿಲ್ಲ. ಚಿಕ್ಕಂದಿನಲ್ಲಿ ನಾನೂ ನೆರೆಮನೆಯ ಏಣಿಯನ್ನೇ ಎತ್ತಿ ತಂದವನು. ಒಂದು ಮಧ್ಯಾಹ್ನ ಪಕ್ಕದ ಓಣಿಯ ಹುಡುಗರು ಸಸಿಗಳ ಗೂಟ ಕೀಳತೊಡಗಿದರು. ದಾದಾಪೀರ ಒಬ್ಬನೇ ಅಡ್ಡ ನಿಂತ. ಜಗ್ಗಾಟದಲ್ಲಿ ಗೂಟ ಒಬ್ಬ ಹುಡುಗನ ಹಣೆಗೆ ಬಡಿದು ರಕ್ತ ಸುರಿಯಿತು.

ಸಂಜೆಯೊಳಗೆ ಪೇಟೆಯಲ್ಲಿ ಸುದ್ದಿಯೇ ಬೇರೆಯಾಗಿತ್ತು. ಮುಸ್ಲಿಂ ಹುಡುಗ ಹೋಳಿಗೆ ಅಡ್ಡಬಂದು ಹೊಡೆದನಂತೆ! ಸಸಿಯ ಮಾತನ್ನು ಯಾರೂ ಎತ್ತಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರದಲ್ಲಿತ್ತು. ಕೇಸಾದರೆ ಹುಡುಗನ ಓದು ಅಲ್ಲಿಗೇ ಮುಗಿಯುತ್ತಿತ್ತು.

ಪೊಲೀಸರು ದಾದಾಪೀರನನ್ನು ಠಾಣೆಗೆ ಕರೆದೊಯ್ದಿದ್ದರು. ಠಾಣೆಯ ಬಾಗಿಲಲ್ಲಿ ಅವನ ತಂದೆ ನನ್ನ ಕೈ ಹಿಡಿದುಕೊಂಡರು. “ಗಿಡದ ಹುಚ್ಚು ಹಿಡಿಸಿದವ್ರು ನೀವ್ರಿ ಮಾಸ್ತರ. ಈಗ ನೀವ ಬಿಡಿಸಿಕೊಂಡು ಬರ್ರಿ.”

ಒಳಗೆ, ಪೆಟ್ಟು ತಿಂದ ಹುಡುಗನ ತಂದೆ, ಮೆಣಸಿನಕಾಯಿ ವ್ಯಾಪಾರಿ, ಫೌಜದಾರರ ಎದುರು ಕೂತಿದ್ದರು. “ಕಾಮಣ್ಣನ ಕಟಗಿ ಸಂಬಂಧ ಯಾರರ ಹೊಡೀತಾರೇನ್ರಿ? ಕೇಸ್ ಬರ್ಕೊಳ್ರಿ.” ನಾನು ಸಸಿಗಳ ಕತೆ ಹೇಳಿದೆ. ಅವರು ಮುಖ ತಿರುಗಿಸಿದರು. ಆಗ ಅವರ ಹಿಂದೆ ನಿಂತಿದ್ದ ಹಿರಿಯ ಮಗ ಗಿರೀಶ ಬಾಯಿಬಿಟ್ಟ. ಅವನೂ ನನ್ನ ಹತ್ತನೆಯ ತರಗತಿಯವನೇ.

“ಅಪ್ಪಾ, ಆ ಗಿಡಾ ನಾವ ಹಚ್ಚಿದ್ವು. ನನ್ನ ಗಿಡದ ಗೂಟಾ ಸುದ್ದಾ ನಾನ ಕಿತ್ತೇನಿ. ದಾದಾ ಬ್ಯಾಡ ಬ್ಯಾಡ ಅಂದ, ನಾವು ಕೇಳಲಿಲ್ಲ.”

ವ್ಯಾಪಾರಿ ದೂರು ಕೊಡದೆ ಎದ್ದು ಹೋದರು. ಫೌಜದಾರರು ಗದರಿಸಿ ದಾದಾಪೀರನನ್ನು ಕಳಿಸಿಕೊಟ್ಟರು.

ಹೆದರಿದ ತಂದೆ ಅವನನ್ನು ಪರೀಕ್ಷೆಯವರೆಗೆ ಮನೆಯಿಂದ ಹೊರಗೆ ಬಿಡಲಿಲ್ಲ. ಪರೀಕ್ಷೆಯ ದಿನ ಗಿರೀಶನೇ ಹೋಗಿ ಕರೆದುಕೊಂಡು ಬಂದ. ಹುಡುಗ ಪಾಸಾದ. ಅಂಕಪಟ್ಟಿ ಒಯ್ಯಲು ಬಂದಾಗ ನನಗೆ ನಮಸ್ಕರಿಸಿ, ಕಾಲೇಜಿನ ಬಗ್ಗೆ ಕೇಳಿ, ಗೇಟಿನಾಚೆ ಹೊರಟುಹೋದ. ಸಸಿಗಳು ಏನಾದವು ಎಂದು ಕೇಳಲೇ ಇಲ್ಲ. ಠಾಣೆಯಲ್ಲಿ ಅನುಭವಿಸಿದ ಸಂಕಟಕ್ಕಿಂತ ಅದು ನನ್ನನ್ನು ಹೆಚ್ಚು ಸುಟ್ಟಿತು.

ನೆಡುವಾಗ ಇಡೀ ತರಗತಿ ಇತ್ತು, ತಡೆಯುವಾಗ ಒಬ್ಬನೇ ಇದ್ದ. ನಿವೃತ್ತಿಯವರೆಗೂ ಮಕ್ಕಳಿಗೆ “ಏನಾದರೂ ಮಾಡಿ” ಎಂದು ಹೇಳುತ್ತಲೇ ಬಂದೆ. ಆದರೆ ಮೊದಲು ಎದ್ದು ನಿಂತವನನ್ನು ಹೊಗಳುವ ಅವಸರ ಬಿಟ್ಟೆ. ಅವನ ಪಕ್ಕ ಯಾರು ನಿಲ್ಲುತ್ತೀರಿ ಎಂದು ಉಳಿದವರನ್ನು ಕೇಳತೊಡಗಿದೆ.