ಯಾರ ಕಡೆಯ ಕಾಯಿಲೆ

ಶಿಕಾರಿಪುರದಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಜಬೀವುಲ್ಲಾನ ಹೆಂಡತಿ ಮಾಜಿದಾಗೆ ಒಂದೇ ಮಾತು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. ಮಗಳು ಸಾಲೇಹಾಗೆ ಎಂಟನೇ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂದು, ದಿನಾ ಇನ್ಸುಲಿನ್ ಚುಚ್ಚುವಂತಾಗಿತ್ತು. ಅತ್ತೆ ಅಫ್ಸರ್ ಬೇಗಂ ಬಂದವರ ಮುಂದೆಲ್ಲ, "ನಮ್ಮ ವಂಶದಲ್ಲಿ ಇದಿಲ್ಲ, ಸೊಸೆ ತಂದಿದ್ದು" ಅನ್ನುತ್ತಿದ್ದಳು.

ಸಾವಿರದ ಒಂಬೈನೂರ ಎಪ್ಪತ್ತೆಂಟರ ಬೇಸಿಗೆಯಲ್ಲಿ ಮಗಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದಾಗ ಮಾಜಿದಾ ಡಾಕ್ಟರನ್ನು ನೇರವಾಗಿ ಕೇಳಿಯೇಬಿಟ್ಟಳು.

"ಇದು ಅವರಪ್ಪನ ಕಡೆಯಿಂದ ಬಂತಾ, ನನ್ನ ಕಡೆಯಿಂದಾನಾ? ಹೇಳ್ಬಿಡ್ರೀ."

"ಎರಡೂ ಕಡೆಯಿಂದ ಬಂದಿರಬಹುದಮ್ಮ. ರಕ್ತದಲ್ಲಿ ಕೆಲವು ಗುರುತು ಇರೋರಿಗೆ ಇದು ಬರೋದು ಹೆಚ್ಚು ಅಂತ ಈಗೀಗ ಗೊತ್ತಾಗಿದೆ. ಆದರೆ ಅದನ್ನ ಕಂಡುಹಿಡಿದವರು ನೋಡಿದ್ದು ಹೆಚ್ಚಾಗಿ ಯುರೋಪಿನ ಬಿಳಿಯರ ರಕ್ತ. ನಮ್ಮ ಜನರಲ್ಲಿ ಹೇಗೋ, ನನಗೆ ಗೊತ್ತಿಲ್ಲ."

ಮಾಜಿದಾ ತೋಳು ಚಾಚಿದಳು. "ಹಂಗಾದ್ರೆ ನನ್ನ ರಕ್ತ ತಗೊಂಡು ನೋಡ್ರಿ."

"ಆ ಪರೀಕ್ಷೆ ಇಲ್ಲಿ ಇಲ್ಲಮ್ಮ."

ಮನೆಗೆ ಬಂದರೆ ಅತ್ತೆ ಹೊಸ್ತಿಲಲ್ಲೇ ಕೇಳಿದಳು. "ಯಾರ ಕಡೆಯದಂತೆ?"

"ಎರಡೂ ಕಡೆಯದಂತೆ. ಆದ್ರೂ ನನಗೆ ಯಾಕೆ ಅಂತೀರಿ? ನಾನು ನಿಮ್ಮ ಸ್ವಂತ ಅಣ್ಣನ ಮಗಳಲ್ವಾ? ನಿಮ್ಮ ರಕ್ತಾನೇ ಅಲ್ವಾ ನನ್ನದೂ?"

ಅಫ್ಸರ್ ಬೇಗಂ ಹೊಸ್ತಿಲು ಬಿಟ್ಟು ಪಕ್ಕಕ್ಕೆ ಸರಿದಳು. ಮಾಜಿದಾಗೆ ಅಂತೂ ಗೆದ್ದೆ ಅನ್ನಿಸಿತು.

"ಹಂಗಾದ್ರೆ ನಿಮ್ಮಮ್ಮನ ಕಡೆಯದು," ಅಂದಳು ಅತ್ತೆ. "ಅವಳು ಹೊರಗಿನವಳು, ಆನವಟ್ಟಿಯವಳು."

ಮಾಜಿದಾ ಸೂಜಿ ಕುದಿಸಲು ಒಲೆ ಹೊತ್ತಿಸಿ, ಸಾಲೇಹಾಳನ್ನು ಹತ್ತಿರ ಕರೆದಳು.